ಅಚ್ಚಿನ ಮೇಲಿನ ತಾರೀಖು

ಒಂದು ಜೊತೆ ಚಪ್ಪಲಿಗೆ ಮೇಸ್ತ್ರಿಯ ನಾಲ್ಕು ದಿನ ಹಿಡಿಯುತ್ತದೆ. ಅಳತೆಗೆ ತಕ್ಕಂತೆ ಮರದ ಅಚ್ಚು ಕೆತ್ತಲು ಒಂದು ದಿನ, ಚರ್ಮ ಕತ್ತರಿಸಿ ಹೊಲಿಯಲು ಎರಡು ದಿನ, ಒಳಗೆ ಮೆತ್ತನೆಯ ಹಾಸು ಅಂಟಿಸಿ ಒಣಗಿಸಲು ಇನ್ನೊಂದು ದಿನ. ಅದೇ ಚಪ್ಪಲಿ ಅರ್ಧ ಬೆರಳಿನಷ್ಟು ಬಿಗಿಯಾದರೆ ಆಗುವ ಗಾಯ ಮಾಯಲು ಐದು ವಾರ ಬೇಕು. ಈ ಎರಡನೆಯ ಲೆಕ್ಕ ಮೇಸ್ತ್ರಿಯ ಹೆಂಡತಿಗೆ ಗೊತ್ತಾದದ್ದು ಹೋದ ವರ್ಷ.

ಅವರ ಅಂಗಡಿಯ ಗಿರಾಕಿಗಳಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ಅವರ ಪಾದಕ್ಕೆ ಸ್ಪರ್ಶ ತಿಳಿಯದು. ಕಲ್ಲು ಚುಚ್ಚಿದರೂ ಗೊತ್ತಾಗದು, ಚಪ್ಪಲಿ ಕಚ್ಚಿದರೂ ಗೊತ್ತಾಗದು. ಅಂಗಡಿಯವರೆಗೆ ನಡೆದು ಬರಲಾಗದವರಿಗಾಗಿ ಗಂಡ ಹೆಂಡತಿ ಒಂದು ವೆಬ್‌ಸೈಟ್ ಮಾಡಿಸಿದ್ದರು. ಮನೆಯಲ್ಲೇ ಟೇಪು ಹಿಡಿದು ಎರಡೂ ಪಾದದ ಉದ್ದ ಅಗಲ ಅಳೆದು, ಅದರಲ್ಲಿ ತುಂಬಿ ಕಳಿಸಿದರೆ ಆಯಿತು. ಮೇಸ್ತ್ರಿ ಅದನ್ನು ನೋಡಿ ಅಚ್ಚು ಕೆತ್ತುತ್ತಿದ್ದ.

ಹೋದ ವರ್ಷ ವೆಬ್‌ಸೈಟ್ ಮಾಡಿಕೊಟ್ಟವನನ್ನೇ ಕರೆಸಿ, ಅಳತೆಯ ಪುಟ ಸ್ವಲ್ಪ ಚಂದ ಮಾಡು ಎಂದಿದ್ದರು. ಐದು ನಿಮಿಷದ ಕೆಲಸ ಎಂದು ಅವನು ಅಂಗಡಿ ತೆರೆದಿರುವಾಗಲೇ, ಜನ ಆರ್ಡರ್ ಕೊಡುತ್ತಿರುವಾಗಲೇ, ಅದರ ಮೇಲೇ ಕೈಯಾಡಿಸಿ ಹೋದ. ಪುಟ ಚಂದವೇ ಆಯಿತು. ಆದರೆ ಎಡಗಾಲಿನ ಅಗಲದ ಜಾಗದಲ್ಲಿ ಬಲಗಾಲಿನ ಅಗಲವೇ ಬಂದು ಕೂರತೊಡಗಿತು. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ಆ ಮೂರು ದಿನದಲ್ಲಿ ಆರ್ಡರ್ ಕೊಟ್ಟವರಲ್ಲಿ ಒಬ್ಬರು ಹಿಂದೆ ಬಸ್ ಓಡಿಸುತ್ತಿದ್ದ ಡ್ರೈವರ್ ತಾತ. ಅವರ ಎಡಗಾಲು ಬಲಗಾಲಿಗಿಂತ ದಪ್ಪ.

ಹೆಂಡತಿ ಅವರ ಮನೆಗೆ ಹೋದಾಗ ತಾತ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. ಪಾದಕ್ಕೆ ಬ್ಯಾಂಡೇಜು. ಬಯ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವರು ಬಯ್ಯಲಿಲ್ಲ.

"ನಂಗೆ ಗೊತ್ತೇ ಆಗ್ಲಿಲ್ಲಮ್ಮ. ಕಾಲುಚೀಲ ಯಾಕೋ ಒದ್ದೆ ಆಗಿದೆ ಅಂತ ತೆಗೆದು ನೋಡ್ದೆ," ಎಂದರು ಅಷ್ಟೇ.

ಅಂದಿನಿಂದ ಅವಳು ವೆಬ್‌ಸೈಟನ್ನು ನಂಬುವುದಿಲ್ಲ. ಬಂದ ಪ್ರತಿ ಆರ್ಡರಿಗೂ ಫೋನು ಮಾಡಿ, ಎಡ ಎಷ್ಟು, ಬಲ ಎಷ್ಟು ಎಂದು ಇನ್ನೊಂದು ಸಲ ಕೇಳುತ್ತಾಳೆ. ಆದರೂ ವೆಬ್‌ಸೈಟನ್ನು ಹಾಗೇ ಬಿಡುವಂತಿರಲಿಲ್ಲ. ಅಕ್ಷರ ಸಾಸಿವೆಯಷ್ಟು ಸಣ್ಣ. ಕಣ್ಣು ಮಂಜಾದವರು ಹತ್ತಕ್ಕೆ ಹನ್ನೆರಡು ಒತ್ತಿ ಕಳಿಸುತ್ತಿದ್ದರು. ಕಡೆಗೆ ಮೇಸ್ತ್ರಿ ತನ್ನ ತಂಗಿಗೆ ಹೇಳಿಕಳಿಸಿದ. ಅವಳು ಒಂದು ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುವವಳು.

ತಂಗಿ ಬಂದು ಲ್ಯಾಪ್‌ಟಾಪ್ ತೆರೆದಳು. ಈಗಿರುವುದನ್ನು ಮುಟ್ಟುವುದಿಲ್ಲ, ಅದರದ್ದೇ ಒಂದು ನಕಲು ಮಾಡಿಕೊಂಡು ಅದರಲ್ಲಿ ಕೆಲಸ ಮಾಡುತ್ತೇನೆ, ಒಂದು ವಾರವಾದರೂ ಬೇಕು ಎಂದಳು. ಮೇಸ್ತ್ರಿಗೆ ಇದು ರುಚಿಸಲಿಲ್ಲ. ಇರುವ ಒಂದನ್ನೇ ಸಂಭಾಳಿಸಲು ಆಗುತ್ತಿಲ್ಲ, ಇನ್ನೊಂದು ಬೇರೆ ಕಟ್ಟಿಕೊಳ್ಳುವುದೇ ಎಂದು ಗೊಣಗಿದ. ಅಕ್ಷರ ದೊಡ್ಡದು ಮಾಡಲು ವಾರ ಯಾಕೆ ಎಂದ.

ತಂಗಿ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಸಾಲುಸಾಲು ಮರದ ಅಚ್ಚುಗಳು, ಒಂದೊಂದೂ ಒಬ್ಬೊಬ್ಬರ ಪಾದ.

"ಅಣ್ಣ, ಇವೆಲ್ಲ ಯಾಕೆ ಕೆತ್ತಿಟ್ಟಿದ್ದೀಯ? ಗಿರಾಕಿ ಕಾಲಿಗೇ ಚರ್ಮ ಇಟ್ಟು ಮೊಳೆ ಹೊಡೀಬಹುದಿತ್ತಲ್ಲ."

ಹೆಂಡತಿಗೆ ನಗು ಬಂತು. ಮೇಸ್ತ್ರಿ ಉಳಿಯ ಬಾಯಿ ಉಜ್ಜತೊಡಗಿದ. ಉಜ್ಜುತ್ತಲೇ, "ವಾರ ಅಂದ್ರೆ ವಾರ. ಮೇಲಾಗಬಾರದು," ಎಂದ. ಅವನ ಒಪ್ಪಿಗೆ ಇರುವುದೇ ಹಾಗೆ.

ನಕಲು ತಯಾರಾಯಿತು. ಅದರ ವಿಳಾಸವೇ ಬೇರೆ, ಒಳಗೆ ಹೋಗಲು ಪಾಸ್‌ವರ್ಡ್ ಬೇಕು. ಹುಡುಕಿದರೂ ಹೊರಗಿನವರಿಗೆ ಸಿಗದು. ಅಸಲು ವೆಬ್‌ಸೈಟ್ ತನ್ನ ಪಾಡಿಗೆ ಆರ್ಡರ್ ತೆಗೆದುಕೊಳ್ಳುತ್ತಲೇ ಇತ್ತು. ತಂಗಿ ನಕಲಿನಲ್ಲಿ ಅಕ್ಷರ ದೊಡ್ಡದು ಮಾಡಿದಳು, ಎಡ ಬಲ ಬೇರೆ ಬೇರೆ ಬಣ್ಣದಲ್ಲಿ ಇಟ್ಟಳು, ಟೇಪು ಹಿಡಿಯುವುದು ಹೇಗೆಂದು ಚಿತ್ರ ಹಾಕಿದಳು. ಮೂರನೆಯ ದಿನ ಒಂದು ಗುಂಡಿ ಒತ್ತಿದರೆ ಇಡೀ ಪುಟ ಬೆಳ್ಳಗಾಯಿತು. ಹೆಂಡತಿ ಗಾಬರಿಯಿಂದ ಎದ್ದೇಬಿಟ್ಟಳು. ತಂಗಿ ಮಾತ್ರ ಕಾಫಿ ಕುಡಿಯುತ್ತಲೇ ಇದ್ದಳು.

"ಇದು ನಕಲು ಅತ್ತಿಗೆ. ಕೆಡೋದಿದ್ರೆ ಇಲ್ಲೇ ಕೆಡಲಿ."

ಮಾರನೆಯ ದಿನ ತಂಗಿ, ನೀವೇ ಗಿರಾಕಿ ಎಂದುಕೊಂಡು ಒಂದು ಆರ್ಡರ್ ಹಾಕಿ ನೋಡಿ ಎಂದಳು. ಹೆಂಡತಿಗೆ ಬಾಯಿಪಾಠ ಇದ್ದದ್ದು ತನ್ನ ತಾಯಿಯ ಅಳತೆ. ತಾಯಿಯ ಹೆಸರು, ಫೋನ್ ನಂಬರು, ಅಳತೆ ಎಲ್ಲ ತುಂಬಿ ಒತ್ತಿದಳು. ಒತ್ತಿದ ಮೇಲೆ, ಅಯ್ಯೋ ಅಮ್ಮನಿಗೆ ಮೆಸೇಜು ಹೋಯಿತಲ್ಲ ಎಂದು ಗಾಬರಿಯಾದಳು. ಹೋಗಿರಲಿಲ್ಲ. ನಕಲಿನಿಂದ ಯಾರಿಗೂ ಮೆಸೇಜು ಹೋಗದಂತೆ ತಂಗಿ ಮೊದಲೇ ಅದರ ಬಾಯಿ ಕಟ್ಟಿದ್ದಳು.

ಆದರೆ ಅಣ್ಣನ ಕೈ ಕಟ್ಟಿರಲಿಲ್ಲ. ಮಧ್ಯಾಹ್ನ ನೋಡಿದರೆ ಮೇಸ್ತ್ರಿ ತೊಡೆಯ ಮೇಲೆ ಚರ್ಮ ಹಾಸಿಕೊಂಡು ಕತ್ತರಿಸುತ್ತಿದ್ದಾನೆ. ಯಾರದು ಎಂದು ಕೇಳಿದಳು ಹೆಂಡತಿ.

"ಅತ್ತೆಯವರದು. ಬೆಳಗ್ಗೆ ಆರ್ಡರ್ ಬಂದಿದೆಯಲ್ಲ. ನೀನು ನಂಗೆ ಒಂದು ಮಾತೂ ಹೇಳ್ಲಿಲ್ಲ."

ಅವನು ತಂಗಿಯ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ನಕಲನ್ನು ನೋಡಿ ಅಸಲು ಎಂದುಕೊಂಡಿದ್ದ. ಅತ್ತೆ ಕೇಳಿದ ಮೇಲೆ ತಡ ಮಾಡಲಾದೀತೇ ಎಂದು, ಸಾಲಿನಲ್ಲಿದ್ದ ಮೂವರನ್ನು ಹಿಂದೆ ತಳ್ಳಿ, ಆ ಅಳತೆಗೆ ಹೊಂದುವ ಅತ್ತೆಯ ಅಚ್ಚು ಗೋಡೆಯಲ್ಲೇ ಇದ್ದದ್ದರಿಂದ ನೇರವಾಗಿ ಕತ್ತರಿ ಹಿಡಿದಿದ್ದ. ತಂಗಿ ನಗು ತಡೆಯಲಾರದೆ ಬೀದಿಗೆ ಹೋಗಿ ಬಂದಳು. ಬಂದವಳೇ ನಕಲಿನ ತಲೆಯ ಮೇಲೆ ಅಡ್ಡಕ್ಕೆ ಒಂದು ಕೆಂಪು ಪಟ್ಟಿ ಹಾಕಿ, ಇದು ನಕಲು, ಇಲ್ಲಿಂದ ಚಪ್ಪಲಿ ಹೊಲಿಯಬೇಡಿ ಎಂದು ಬರೆದಳು.

ಒಂದು ವಾರ ಹೋಗಿ ಒಂಬತ್ತು ದಿನವಾಯಿತು. ನಕಲನ್ನು ಅಂಗಡಿಯ ಹಳೇ ಫೋನಿನಲ್ಲಿ, ನಿಧಾನದ ಇಂಟರ್ನೆಟ್ಟಿನಲ್ಲಿ, ಕನ್ನಡಕ ತೆಗೆದು, ಎಲ್ಲ ರೀತಿಯಲ್ಲೂ ನೋಡಿದರು. ಹೆಂಡತಿ ಬೇಕೆಂದೇ ಎಡಕ್ಕೊಂದು ಬಲಕ್ಕೊಂದು ಅಳತೆ ಹಾಕಿ ಇಪ್ಪತ್ತು ಸಲ ನೋಡಿದಳು. ಇಪ್ಪತ್ತೂ ಸಲ ಸರಿಯಾಗಿ ಬಂತು. ಆದರೂ ಅವಳ ಅಳುಕು ಹೋಗಲಿಲ್ಲ. ಹಿಂದಿನ ದಿನವಷ್ಟೇ ಅಸಲು ವೆಬ್‌ಸೈಟಿಗೆ ಡ್ರೈವರ್ ತಾತ ಹೊಸ ಅಳತೆ ಕಳಿಸಿದ್ದರು. ಎಡಗಾಲು ಮತ್ತೆ ಊದಿತ್ತು. ಹಳೆಯ ಚಪ್ಪಲಿ ಹಾಕಬೇಡಿ, ಹೊಸದು ಕೊಡುತ್ತೇವೆ ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು.

ಅಂಗಡಿ ಬಾಗಿಲು ಹಾಕುವ ಊಟದ ಹೊತ್ತನ್ನು ನೋಡಿ ತಂಗಿ ಕೂತಳು. ನಕಲನ್ನು ಪೂರ್ತಿಯಾಗಿ ಎತ್ತಿ ಅಸಲಿನ ಜಾಗದಲ್ಲಿ ಇಟ್ಟರೆ ಮುಗಿಯಿತು ಎಂದಳು. ಬೆರಳು ಗುಂಡಿಯ ಮೇಲಿತ್ತು. ಹಿಂದೆ ನಿಂತಿದ್ದ ಮೇಸ್ತ್ರಿ ಯಾವುದೋ ಅಚ್ಚನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಅವನ ಅಚ್ಚುಗಳ ಹಿಮ್ಮಡಿಯಲ್ಲಿ ಕೆತ್ತಿದ ದಿನದ ತಾರೀಖು ಇರುತ್ತದೆ. ಊದುವ ಕಾಲು ಇಂದಿನಂತೆ ನಾಳೆ ಇರುವುದಿಲ್ಲ, ಹಳೆಯ ಅಚ್ಚು ನಂಬಿ ಹೊಲಿಯಬಾರದು ಎಂದು ಅವನು ಇಟ್ಟುಕೊಂಡ ಪದ್ಧತಿ ಅದು.

"ಅಲ್ಲಮ್ಮ, ನಿನ್ನ ಅಚ್ಚು ಯಾವ ತಾರೀಖಿಂದು?" ಎಂದು ಕೇಳಿದ.

"ಯಾವ ಅಚ್ಚು?"

"ಈ ನಕಲು. ಯಾವತ್ತು ತೆಗ್ದಿದ್ದು?"

"ಒಂಬತ್ತು ದಿನ ಆಯ್ತು."

"ತಾತನ ಕಾಲು ಊದಿದ್ದು ಮೊನ್ನೆ. ಅಳತೆ ಬಂದಿದ್ದು ನಿನ್ನೆ."

ತಂಗಿ ಬೆರಳು ಹಿಂದಕ್ಕೆ ತೆಗೆದಳು. ಅಸಲಿನ ಪಟ್ಟಿಯನ್ನೂ ನಕಲಿನ ಪಟ್ಟಿಯನ್ನೂ ಪಕ್ಕಪಕ್ಕ ತೆರೆದಳು. ಈ ಒಂಬತ್ತು ದಿನದಲ್ಲಿ ಅಸಲಿಗೆ ಹನ್ನೊಂದು ಹೊಸ ಆರ್ಡರ್ ಬಂದಿದ್ದವು. ನಕಲಿನಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. ತಾತನ ಹೆಸರಿನಲ್ಲಿ ಅಲ್ಲಿ ಇದ್ದದ್ದು ಹಳೆಯ ಅಳತೆ. ನಕಲನ್ನು ಹಾಗೇ ಎತ್ತಿಟ್ಟಿದ್ದರೆ ಹನ್ನೊಂದೂ ಅಳಿಸಿಹೋಗುತ್ತಿದ್ದವು, ಪುಟ ಮಾತ್ರ ಚಂದವಾಗಿ ಕಾಣುತ್ತಿತ್ತು.

"ಗ್ರಂಥಾಲಯದಲ್ಲಿ ನಂಗೆ ಈ ತಾಪತ್ರಯ ಇಲ್ಲ ಅಣ್ಣ. ಅಲ್ಲಿ ಯಾರೂ ಏನೂ ತುಂಬೋದಿಲ್ಲ, ಸುಮ್ಮನೆ ಓದ್ತಾರೆ. ಅದೇ ಅಭ್ಯಾಸದಲ್ಲಿ ಒತ್ತಿಬಿಡ್ತಿದ್ದೆ," ಎಂದಳು ತಂಗಿ.

ಆಮೇಲೆ ಅವಸರ ಮಾಡಲಿಲ್ಲ. ಅರ್ಧ ಗಂಟೆ ಆರ್ಡರ್ ತೆಗೆದುಕೊಳ್ಳುವುದಿಲ್ಲ, ತುರ್ತಿದ್ದರೆ ಫೋನು ಮಾಡಿ ಎಂದು ಅಸಲಿನಲ್ಲಿ ಹಾಕಿದಳು. ಆ ಕ್ಷಣಕ್ಕೆ ಅಸಲು ಹೇಗಿತ್ತೋ ಹಾಗೇ, ಆರ್ಡರ್ ಸಮೇತ, ಇನ್ನೊಂದು ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿಟ್ಟು ಅತ್ತಿಗೆಯ ಕೈಗೆ ಕೊಟ್ಟಳು. ಹೊಸದು ಕೈಕೊಟ್ಟರೆ ಹಿಂದಿನದಕ್ಕೆ ಮರಳಲು ಅದು. ಬಳಿಕ ನಕಲಿನಿಂದ ಹೊಸ ಪುಟಗಳನ್ನಷ್ಟೇ ತಂದಳು. ಆರ್ಡರ್‌ಗಳ ಪಟ್ಟಿಯನ್ನು ಮುಟ್ಟಲೇ ಇಲ್ಲ.

ಹೆಂಡತಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ತನ್ನ ಫೋನಿನಲ್ಲಿ ವೆಬ್‌ಸೈಟ್ ತೆರೆದಳು. ಮೊದಲು ಹುಡುಕಿದ್ದು ತಾತನ ಹೆಸರು. ಎಡ ಅಗಲ ಹನ್ನೊಂದು ಸೆಂಟಿಮೀಟರ್, ಬಲ ಅಗಲ ಹತ್ತು. ಎರಡು ಸಲ ಗಟ್ಟಿಯಾಗಿ ಓದಿದಳು. ಆಗಲೇ ಮೇಸ್ತ್ರಿ ಮರದ ತುಂಡು ತೆಗೆದು ಕೆತ್ತಲು ಕೂತಿದ್ದ.

ಓದುವವರೇ, ನಿಮ್ಮ ಅಂಗಡಿಗೋ ಸಂಘಕ್ಕೋ ಶಾಲೆಗೋ ವೆಬ್‌ಸೈಟ್ ಇದೆಯೇ? ಅದನ್ನು ಬದಲಿಸುವ ಮನಸ್ಸಾದರೆ, ಜನ ಬಳಸುತ್ತಿರುವ ವೆಬ್‌ಸೈಟಿನ ಮೇಲೆ ಕೈಯಾಡಿಸಬೇಡಿ. ಬೇರೆ ವಿಳಾಸದಲ್ಲಿ ನಕಲು ಮಾಡಿ, ಅದಕ್ಕೆ ಬೀಗ ಹಾಕಿ, ಅದರಿಂದ ಯಾರಿಗೂ ಮೆಸೇಜು ಹೋಗದಂತೆ ನೋಡಿಕೊಳ್ಳಿ, ಅದು ನಕಲು ಎಂದು ಕಣ್ಣಿಗೆ ಹೊಡೆಯುವಂತೆ ಬರೆಯಿರಿ. ಕೆಡಿಸಿ, ತಿದ್ದಿ, ಪರೀಕ್ಷಿಸಿ. ಹೊಸದನ್ನು ತರುವ ದಿನ, ಇರುವುದರ ಪ್ರತಿಯೊಂದನ್ನು ತೆಗೆದಿಟ್ಟು, ನಕಲು ಯಾವ ತಾರೀಖಿನದು ಎಂದು ಕೇಳಿಕೊಳ್ಳಿ. ಆ ತಾರೀಖಿನ ನಂತರ ಬಂದದ್ದು ಒಂದೂ ಕಳೆಯಬಾರದು. ಕೆಲಸ ಮಾಡುವವರು ಬೇರೆಯವರಾದರೆ ಅವರನ್ನೂ ಕೇಳಿ. ಕೇಳಲು ಕಂಪ್ಯೂಟರ್ ಕಲಿತಿರಬೇಕಿಲ್ಲ.

ಮೇಸ್ತ್ರಿಯ ಮನೆಯವರಿಗೆ ಇದರಲ್ಲಿ ಹೋದದ್ದು ಒಂಬತ್ತು ದಿನ. ಅತ್ತೆಗೆ ಕೇಳದೆಯೇ ಒಂದು ಜೊತೆ ಚಪ್ಪಲಿ ಸಿಕ್ಕಿತು. ಹನ್ನೊಂದು ಜನರ ಅಳತೆ ಉಳಿಯಿತು. ಡ್ರೈವರ್ ತಾತನ ಎಡಗಾಲಿಗೆ ಈ ಸಲ ಗಾಯವಾಗಲಿಲ್ಲ.