ದಿಬ್ಬದ ಕೆಳಗಿನ ಬೆಂಚು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ರಸ್ತೆ ಬದಿಯ ಇಳಿಜಾರುಗಳು ಜರಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಣ್ಣಿಗೆ ಮುಲಾಜಿಲ್ಲ, ನನಗೂ ಇಲ್ಲ. ಆದರೆ ಈ ಸಲ ಕಡಿಸಬೇಕಾಗಿದ್ದದ್ದು ಅಪ್ಪ ನೆಟ್ಟ ಮರಗಳನ್ನು.

ಅಪ್ಪ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದವರು. ಶಾಲೆ ಮಕ್ಕಳು ನಿಲ್ಲುವ ಬಸ್ ನಿಲ್ದಾಣದ ಹಿಂದಿನ ದಿಬ್ಬದ ನೆತ್ತಿಯಲ್ಲಿ ಆ ಸಾಲು ನೆಟ್ಟು, ನೀರು ಹೊತ್ತು ಬೆಳೆಸಿದ್ದರು. ಈಗ ಮರಗಳ ಹಿಂದೆ ನೆಲ ಉದ್ದಕ್ಕೂ ಬಿರುಕು ಬಿಟ್ಟಿತ್ತು.

“ಮರ ಮಣ್ಣನ್ನ ಹಿಡಿದಿಡುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು,” ಎಂದರು ಅಪ್ಪ.

“ಎಲ್ಲ ಮಣ್ಣಲ್ಲೂ ಅಲ್ಲಪ್ಪ.” ಬಿರುಕಿನಿಂದ ಒಂದು ಹಿಡಿ ತೆಗೆದು, ನೀರು ಚಿಮುಕಿಸಿ, ಅವರ ಅಂಗೈಗೇ ಹಾಕಿದೆ. ಹೊಸೆದರು. ಬತ್ತಿಯ ಹಾಗೆ ಉದ್ದವಾಯಿತು, ಮುರಿಯಲಿಲ್ಲ. “ನೋಡಿ, ಬರೀ ಜೇಡಿ. ಒಣಗಿದ್ರೆ ಬಿರಿಯುತ್ತೆ, ಒಳಗೆ ನೀರಿಳಿದ್ರೆ ಜಾರುತ್ತೆ.”

ಒಂದು ಮರದ ಬುಡ ಅಗೆಸಿದೆ. ಮೊಳದಷ್ಟು ಇಳಿದ ಬೇರುಗಳು ಗಟ್ಟಿ ಜೇಡಿ ತಾಗಿ ಅಡ್ಡಕ್ಕೆ ತಿರುಗಿದ್ದವು. ಗಾಳಿ ಬೀಸಿದಾಗೆಲ್ಲ ಅಷ್ಟೆತ್ತರದ ಮರ ತೂಗಿ ಬಿರುಕನ್ನು ಅಗಲ ಮಾಡುತ್ತಿತ್ತು. ಅಪ್ಪ ಬಗ್ಗಿ ಬೇರು ತಿರುಗಿದ ಜಾಗವನ್ನು ಸವರಿ ನೋಡಿದರು. ನನಗೆ ಸಂಕಟವಾಯಿತು, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಕಡಿಸು. ಬುಡ ಮಾತ್ರ ಕೀಳಿಸಬೇಡ,” ಎಂದರು ಕೊನೆಗೆ.

“ಕೀಳಿಸಲ್ಲ. ಇಲ್ಲಿ ಲಾವಂಚದ ಹುಲ್ಲು ನೆಡಿಸ್ತೀನಿ, ಅದು ಆಳಕ್ಕೆ ಬೇರು ಬಿಡೋ ತನಕ ಮೇಲ್ಮಣ್ಣಿಗೆ ಈ ಬೇರೂ ಬೇಕು.”

ಬಿರುಕು ಮುಚ್ಚಿಸಿ, ನೆತ್ತಿಯಲ್ಲಿ ಚರಂಡಿ ತೋಡಿಸಿದೆ. ಇಳಿಜಾರಿಗೆ ಅಡ್ಡಡ್ಡ ಲಾವಂಚದ ಹುಲ್ಲು, ನಡುನಡುವೆ ಗಿಡ್ಡ ಪೊದೆ. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಹೆತ್ತಪ್ಪನ ಮರ ಕಡಿಸಿದವಳಂತೆ, ಇನ್ನು ದಿಬ್ಬ ಉಳಿದ ಹಾಗೇ.

ಮರುವರ್ಷದ ಮೊದಲ ಜಡಿಮಳೆಗೆ, ದಿಬ್ಬ ಜರಿದೀತೆಂದು ನಿಲ್ದಾಣದ ಕಡೆ ಯಾರೂ ಸುಳಿಯಲಿಲ್ಲ. ಜನ ಎದುರು ಬದಿಯಲ್ಲಿ ನೆನೆಯುತ್ತ ನಿಂತಿದ್ದರು. ನಾನು ನೆತ್ತಿಯ ಚರಂಡಿ ನೋಡಿ ಇಳಿದು ಬಂದರೆ, ದಿಬ್ಬದ ಕೆಳಗಿನ ಬೆಂಚಿನಲ್ಲಿ ಅಪ್ಪ ಒಬ್ಬರೇ ಕೂತಿದ್ದರು. ನನ್ನ ಕೆಲಸ ಗಟ್ಟಿಯಿದೆ ಎಂದು ಗೊತ್ತಿದ್ದೂ ಒಮ್ಮೆ ತಿರುಗಿ ದಿಬ್ಬ ನೋಡಿದೆ.

“ಯಾವ ಬಸ್ಸಿಗೆ ಕಾಯ್ತಿದ್ದೀರಿ?”

“ಯಾವುದಕ್ಕೂ ಇಲ್ಲ. ಎದುರಿನವರಿಗೆ ಕಾಣಲಿ ಅಂತ ಕೂತಿದ್ದೀನಿ.” ಅಪ್ಪ ಪಕ್ಕಕ್ಕೆ ಸರಿದರು. “ಧೈರ್ಯ ಇದ್ರೆ ನೀನೂ ಕೂತ್ಕೋ.”

ಕೂತೆ. ಮೇಲಿನಿಂದ ನೀರು ಮಣ್ಣು ಕದಡದೆ ತಿಳಿಯಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎದುರಿನಿಂದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ರಸ್ತೆ ದಾಟಿ ಬಂದಳು. ಅಪ್ಪ ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟರು.