ಕಂಪ್ರೆಸರ್ ಕೋಣೆಯ ಗಾಯಕಿ

ಅದೋ ಬಂತು, ಸೂಜಿಯ ತುದಿಯಷ್ಟು ಸಣ್ಣ ಶಬ್ದ, ಕುಂಯ್ — ಒತ್ತಿದೆ, ಕೈಯಲ್ಲಿರುವ ಗುಂಡಿಯನ್ನು ಒತ್ತಿಯೇಬಿಟ್ಟೆ, ಈ ವಿಶ್ವವಿದ್ಯಾಲಯದಲ್ಲಿ ಇಂಥ ಶಬ್ದ ಹಿಡಿಯುವ ಕಿವಿ ಇನ್ನೊಂದಿದ್ದರೆ ಕರೆತನ್ನಿ, ಈ ಕುರ್ಚಿ ಬಿಟ್ಟು ಎದ್ದುಹೋಗಿ ಕಾರಿಡಾರು ಗುಡಿಸುತ್ತೇನೆ, ಇರುವೆ ಸೀನಿದರೆ ಅದರ ಶ್ರುತಿ ಹೇಳುವವಳು ನಾನು — ಏನಮ್ಮ, ಯಾಕೆ ಒತ್ತಿದೆ, ನಾನಿನ್ನೂ ಶಬ್ದ ಏನೂ ಹಾಕೇ ಇಲ್ವಲ್ಲ — ತಲೆಯ ಮೇಲಿನ ಸ್ಪೀಕರಿನಲ್ಲಿ ಸ್ಪಂಜು ಮೇಷ್ಟ್ರ ದನಿ, ಈ ನಿಶ್ಶಬ್ದದ ಕೋಣೆಯ ಗೋಡೆಯೆಲ್ಲ ಸ್ಪಂಜು, ಚಾವಣಿಯೆಲ್ಲ ಸ್ಪಂಜು, ಅದಕ್ಕೇ ಆ ಹೆಸರಿಟ್ಟವಳು ನಾನೇ, ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರಂತೆ — ಕೈ ಜಾರಿತು ಸಾರ್ — ಗಾಬರಿ ಬೇಡ, ಕೇಳಿಸಿದಾಗ ಮಾತ್ರ ಒತ್ತು — ಗಾಜಿನಾಚೆ ಅವರ ಪಕ್ಕದಲ್ಲಿ ನಮ್ಮ ಹಾಡಿನ ಮೇಡಂ, ಕೈಚೀಲವನ್ನು ಮಡಿಲಲ್ಲಿ ಮಗುವಿನಂತೆ ಅಪ್ಪಿಕೊಂಡು, ನನ್ನನ್ನೇ ನೋಡುತ್ತಾ. ಕೈ ಜಾರಿರಲಿಲ್ಲ. ಶಬ್ದ ಇತ್ತು, ಈಗಲೂ ಇದೆ, ಯಾರೋ ಕೆಟಲನ್ನು ಒಲೆಯ ಮೇಲಿಟ್ಟು ಮರೆತು ಊರಿಗೇ ಹೋಗಿಬಿಟ್ಟ ಹಾಗೆ.

ಎಲ್ಲ ನನ್ನ ಬಾಯಿಂದಲೇ ಆದದ್ದು, ಇಲ್ಲಿ ರಾಕೆಟ್ಟಿಗೆ ಒಂದು ಕಟ್ಟಡ, ರೋಗಾಣುವಿಗೆ ಒಂದು ಕಟ್ಟಡ, ಕಲ್ಲಿಗೂ ಎರಡಂತಸ್ತಿನ ಮನೆ, ಹಾಡಿಗೆ ಮಾತ್ರ ರಸಾಯನದವರ ಹಿತ್ತಲಲ್ಲಿ ಒಂದೇ ಕೋಣೆ, ಅದರಲ್ಲಿ ಮೇಡಂ, ನಾನು, ಇನ್ನಿಬ್ಬರು, ಒಂದು ಕುಂಟು ಪಿಯಾನೊ, ಈಗ ಆ ಕೋಣೆಯೂ ಗ್ಯಾಸ್ ಸಿಲಿಂಡರಿಗೆ ಬೇಕಂತೆ, ಸಿಲಿಂಡರಿಗೆ ಬಿಸಿಲು ಆಗುವುದಿಲ್ಲವಂತೆ, ನಾವು ಬಿಸಿಲಲ್ಲಿ ಹಾಡಬಹುದು. ಆಗ ಶಬ್ದವಿಜ್ಞಾನದ ಈ ಸ್ಪಂಜು ಮೇಷ್ಟ್ರೇ ಮೇಡಂ ಬಳಿ ಬಂದು, ನೋಡಿ ಮೇಡಂ, ಯಂತ್ರದ ಸದ್ದಲ್ಲಿ ಎಲ್ಲಿ ದೋಷ ಇದೆ ಅಂತ ಹಿಡಿಯೋಕೆ ನನಗೊಂದು ಪಳಗಿದ ಕಿವಿ ಬೇಕು, ನಿಮ್ಮಲ್ಲಿ ಅಂಥೋರು ಸಿಕ್ಕಿದ್ರೆ ನನ್ನ ಪಕ್ಕದ ದೊಡ್ಡ ಹಾಲ್ ದಿನಾ ಸಂಜೆ ಹಾಡೋಕೆ ನಿಮ್ದು, ಎಂದರು, ಮೇಡಂ ಯೋಚಿಸಲು ಕನ್ನಡಕ ತೆಗೆಯುವಷ್ಟರಲ್ಲಿ ನಾನು ಹಾರಿ ಮುಂದೆ ಬಂದು, ನನ್ನ ಕಿವಿ ಬಾವಲಿಗೇ ಪಾಠ ಹೇಳುತ್ತೆ ಸಾರ್, ಅಂದೆ. ಅವರು ನಗಲಿಲ್ಲ. ಸರಿ, ಪರೀಕ್ಷೆ ಮಾಡೋಣ, ಅಂದರು. ವಿಜ್ಞಾನದವರ ಸಹವಾಸದಲ್ಲಿ ಇದೇ ತೊಂದರೆ, ಹೇಳಿದ್ದನ್ನೆಲ್ಲ ಅಳೆಯುತ್ತಾರೆ.

ಘುಂ — ಒತ್ತಿದೆ. ಇದು ನಿಜವಾದದ್ದು, ದಪ್ಪಗೆ, ನೆಲದಿಂದ ಎದ್ದು ಬಂದ ಹಾಗೆ, ಮತ್ತೆ ಘುಂ, ಒತ್ತಿದೆ, ಮೇಡಂ ಮುಖ ಸಡಿಲವಾಯಿತು, ನೋಡಿ ಮೇಡಂ, ನಿಮ್ಮ ಶಿಷ್ಯೆ, ಭೌತಶಾಸ್ತ್ರದ ಮೆಟ್ಟಿಲ ಕೆಳಗೆ ಹಾಡಿ ಅವರ ಲೇಸರನ್ನೇ ನಡುಗಿಸಿದವಳು, ದೂರು ಬಂದಾಗ ಅದನ್ನು ಪದಕದಂತೆ ಊರೆಲ್ಲ ತೋರಿಸಿಕೊಂಡು ಬಂದವಳು. ಎಲ್ಲಿ ಬಾಯಿ ತೆರೆದರೂ ಓಡಿಸಿದರು, ಹಾಸ್ಟೆಲಿನಲ್ಲಿ ಶ್ ಎಂದರು, ಟೆರೇಸಿಗೆ ಬೀಗ ಹಾಕಿದರು, ಕೊನೆಗೆ ಲ್ಯಾಬುಗಳಿಗೆಲ್ಲ ಗಾಳಿ ಒತ್ತಿ ಕಳಿಸುವ ಕಂಪ್ರೆಸರ್ ಕೋಣೆಯ ಆಪರೇಟರೇ ದೇವರ ಹಾಗೆ ಕರೆದು, ಬಾ ತಾಯಿ, ಇಲ್ಲಿ ಹಾಡ್ಕೊ, ಯಾರಪ್ಪನಿಗೂ ಕೇಳ್ಸಲ್ಲ, ಎಂದರು. ಆ ಯಂತ್ರ! ಆನೆಗಳ ಹಿಂಡನ್ನೇ ಡಬ್ಬಿಯೊಳಗೆ ತುಂಬಿ ಅಲ್ಲಾಡಿಸಿದ ಹಾಗೆ, ಹಲ್ಲೆಲ್ಲ ಜಾಗ ಬದಲಾಯಿಸುವ ಸದ್ದು, ಅದರ ಮುಂದೆ ನಿಂತು ಪ್ರತಿದಿನ ಹಾಡಿದೆ, ಅದನ್ನು ಸೋಲಿಸಿದೆ, ನನ್ನ ದನಿ ಇಷ್ಟು ದೊಡ್ಡದಾದದ್ದು ಅಲ್ಲೇ — ಕಿವಿಗೆ ಇದು ಹಾಕ್ಕೊ ತಾಯಿ — ಹಾಕ್ಕೊಂಡ್ರೆ ನನ್ನ ಹಾಡು ನನಗೆ ಕೇಳ್ಸೋದು ಹೇಗಣ್ಣ — ಆ ಕಿವಿಮುಚ್ಚುಗಳು ಮೊಳೆಗೆ ನೇತಾಡಿಕೊಂಡೇ ಇದ್ದವು, ಧೂಳು ತಿಂದುಕೊಂಡು.

ಟೀಂ, ಒತ್ತಿದೆ. ಟೀಂ, ಒತ್ತಿದೆ. ಶಬ್ದ ಸಣ್ಣದಾಗುತ್ತಿದೆ, ಮೇಲೇರುತ್ತಿದೆ, ನನ್ನ ಕುಂಯ್ ಕಡೆಗೆ ಹತ್ತಿ ಬರುತ್ತಿದೆ. ಅಪ್ಪ ಅಂಗೈಯಿಂದ ಕಿವಿ ತಟ್ಟಿಕೊಳ್ಳುತ್ತಿದ್ದರು, ಕರೆಂಟು ಮಗ್ಗದ ಶೆಡ್ಡಿನಿಂದ ಬಂದ ಮೇಲೆ, ತಲೆ ಓರೆ ಮಾಡಿ, ನೀರಿನಿಂದ ಎದ್ದು ಬಂದವರ ಹಾಗೆ, ನಾನು ಬೀದಿಯ ಮಕ್ಕಳಿಗೆಲ್ಲ ಹೇಳಿದ್ದೆ, ನಮ್ಮಪ್ಪ ಸಮುದ್ರ ಈಜಿ ದಾಟಿದ್ದಾರೆ, ಅರ್ಧ ಸಮುದ್ರ ಇನ್ನೂ ಅವರ ಕಿವಿಯಲ್ಲೇ ಇದೆ, ಎಲ್ಲರೂ ನಂಬಿದರು, ಸ್ವಲ್ಪ ದಿನ ನಾನೂ ನಂಬಿದೆ — ಬಡ್ಕೋಬೇಡ್ರೀ, ನೀರೇನೂ ಹೋಗಿಲ್ಲ — ಅಮ್ಮ. ಕೆಟಲು ಇಳಿಸೇ, ಆಗ್ಲಿಂದ ಕೂಗ್ತಾ ಇದೆ — ಅಪ್ಪ. ಒಲೆ ಹಚ್ಚೇ ಇಲ್ವಲ್ರೀ — ಅಮ್ಮ. ಹಚ್ಚೇ ಇಲ್ಲ. ಹಾಕೇ ಇಲ್ಲ. ಬೇಡ, ಇದೆಲ್ಲ ಈಗ ಬೇಡ, ಅಪ್ಪನದು ಬೇರೆ, ಅಪ್ಪನದು ಒಂದು ಆಯುಷ್ಯದ ಮಗ್ಗ, ನನ್ನದು ಎರಡೇ ವರ್ಷ, ಅದೂ ಹಾಡು, ಹಾಡಿದರೆ ಯಾರಿಗಾದರೂ ಕಿವಿ ಹೋಗುತ್ತದೆಯೇ, ಕೇಳಿದವರಿಗೆ ಹೋಗಬಹುದು, ಹ್ಹ.

ಈಗ? — ಸ್ಪೀಕರು. ಮೇಡಂ ಕಣ್ಣೆತ್ತಿದರು. ಅರೆ, ಮೇಷ್ಟ್ರು ತಿರುಪು ತಿರುಗಿಸಿದಾಗೆಲ್ಲ ಮೇಡಂ ಕಣ್ಣೆತ್ತಿ ನನ್ನನ್ನು ನೋಡುತ್ತಾರೆ — ಒತ್ತಿದೆ. ಸರಿ, ಮುಂದೆ — ಕಣ್ಣೆತ್ತಿದರು, ಒತ್ತಿದೆ, ಕೇಳಿಸಲಿಲ್ಲ, ಕುಂಯ್ ಬಿಟ್ಟರೆ ಏನೂ ಕೇಳಿಸಲಿಲ್ಲ, ಆದರೂ ಒತ್ತಿದೆ, ಬಾವಲಿಗೆ ಪಾಠ, ಎಂಥ ಜಾಣೆ ನಾನು, ಕಣ್ಣಲ್ಲಿ ಕೇಳುತ್ತೇನೆ, ಅಪ್ಪನೂ ಹಾಗೇ, ಕಳೆದ ಕಛೇರಿಯಲ್ಲಿ ಮೊದಲ ಸಾಲಿನಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು, ಹಾಡಿನ ನಡುವೆ ಉಸಿರೆಳೆಯಲು ಬಾಯಿ ಮುಚ್ಚಿದೆ, ಮುಗಿಯಿತೆಂದು ಚಪ್ಪಾಳೆ ತಟ್ಟಿದರು, ಸಭೆಯಲ್ಲಿ ಅವರೊಬ್ಬರೇ, ಎದ್ದು ನಿಂತು. ಮಗಳೇ ಎಷ್ಟು ಚೆನ್ನಾಗಿ ಹಾಡಿದೆ, ಅಂದರು ಆಮೇಲೆ, ಗಟ್ಟಿಯಾಗಿ, ಇಡೀ ಸಭೆಗೆ ಕೇಳುವಷ್ಟು.

ಮೇಡಂ, ತಪ್ಪು ತಿಳ್ಕೋಬೇಡಿ, ಕುರ್ಚಿ ಸ್ವಲ್ಪ ಆ ಕಡೆ ತಿರುಗಿಸ್ಕೊಳ್ತೀರಾ — ಸ್ಪೀಕರಿನಲ್ಲಿ ಮೇಷ್ಟ್ರು. ತಿರುಗಿದರು. ಈಗ ಮೇಡಂ ಬೆನ್ನು ಮಾತ್ರ, ಜಡೆ ಮಾತ್ರ. ಮೇಷ್ಟ್ರ ಕೈ ಮೇಜಿನ ಕೆಳಗೆ. ಹಾಕಿದರೋ, ಇಲ್ಲವೋ. ಕುಂಯ್. ಇದು ಅವರದೋ, ನನ್ನದೋ. ಒತ್ತಲೇ — ಒತ್ತಿದ ಮೇಲೆ ಹಾಕೇ ಇಲ್ವಲ್ಲ ಎಂದರೆ, ಒತ್ತದಿದ್ದರೆ ಹಾಲ್ ಕೈಬಿಟ್ಟು ಹೋಯಿತು, ಸಿಲಿಂಡರುಗಳು ನೆರಳಲ್ಲಿ, ಮೇಡಂ ಪಿಯಾನೊ ಬಿಸಿಲಲ್ಲಿ, ನಾನು — ಹೆಬ್ಬೆರಳು ಗುಂಡಿಯ ಮೇಲೆ ಒದ್ದೆಯಾಗಿದೆ, ಇಳಿಸಿ, ಯಾರಾದರೂ ಆ ಕೆಟಲನ್ನು ಇಳಿಸಿ — ಏನಮ್ಮ, ಏನ್ಮಾಡ್ತಾ ಇದೀಯ — ಸ್ಪೀಕರು. ಏನೂ ಇಲ್ಲ ಸಾರ್, ಸುಮ್ಮನೆ ಕೂತಿದ್ದೇನೆ. ಅಲ್ಲ, ನಿನ್ನ ಎಡಗೈ. ಎಡಗೈ? ಗಾಜಿನಲ್ಲಿ ಯಾರದೋ ಬಿಂಬ, ತಲೆ ಓರೆ, ಕಿವಿಯ ಮೇಲೆ ಅಂಗೈ, ತಟ್ಟುತ್ತಿದೆ, ನೀರೇ ಹೋಗದ ಕಿವಿಯಿಂದ ನೀರು ಇಳಿಸಲು, ಅಂಗೈ, ತಟ್ಟುತ್ತಿದೆ, ಅಪ್ಪನ ಅಂಗೈ, ತಟ್ಟುತ್ತಿದೆ, ತಟ್ಟುತ್ತಿದೆ