ಸುತ್ತುಗಟ್ಟಿದವರ ನಡುವೆ

ಆ ಕೋಣೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಪಾದಗಳು. ಚಪ್ಪಲಿ ಹೊರಗೆ ಬಿಟ್ಟು ಬಂದ, ಧೂಳು ಹಿಡಿದ, ನನ್ನ ಸುತ್ತ ಸಂದು ಬಿಡದೆ ನಿಂತ ಪಾದಗಳು. ತಲೆಯೆತ್ತಿದರೆ ಮುಖಗಳು ಕಾಣುತ್ತಿದ್ದವು. ಅದಕ್ಕೇ ನಾನು ತಲೆಯೆತ್ತಿರಲಿಲ್ಲ.

ಅಚ್ಯುತ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದ ರೀತಿಯೇ ಹಾಗಿತ್ತು. ಹೊಸ ಕ್ರಿಯಾಪದ ಬಂದರೆ ಅದನ್ನು ಆಡಿ ತೋರಿಸಬೇಕು. ಆಮೇಲೆ ಒಬ್ಬರು ಅದನ್ನು ಬಳಸಿ, ತಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನು ಹೇಳಬೇಕು. ಪುಸ್ತಕದ ವಾಕ್ಯ ನಡೆಯುತ್ತಿರಲಿಲ್ಲ. ಅಂದಿನ ಪದ ‘ಸೆಟ್ ಅಪಾನ್’.

“ಮೇಲೆ ಬೀಳೋದು,” ಎಂದರು ಮೇಷ್ಟ್ರು. “ಆದ್ರೆ ಇಬ್ಬರು ಜಗಳಾಡಿದ್ರೆ ಹೀಗನ್ನಲ್ಲ. ಒಬ್ಬ ತನ್ನ ಪಾಡಿಗೆ ಹೋಗ್ತಿರ್ತಾನೆ, ಹಲವರು ಏಕಾಏಕಿ ಎರಗ್ತಾರೆ. ಬಾಮ್ಮ, ನೀನು ಮಧ್ಯ ನಿಲ್ಲು. ಉಳಿದವರು ಸುತ್ತುಗಟ್ಟಿ. ಇವಳು ವಾಕ್ಯ ಹೇಳಿದ ಮೇಲೇ ದಾರಿ ಬಿಡೋದು.”

ಎಲ್ಲರೂ ನಗುತ್ತ ಸುತ್ತುಗಟ್ಟಿದರು. ನನ್ನೆದುರಿಗೆ ನಿಂತವನು ಇಂದ್ರೇಶ. ನನ್ನ ಅಣ್ಣ ದುಡಿಯುತ್ತಿದ್ದ ಅಕ್ಕಿ ಗಿರಣಿ ಅವನ ತಂದೆಯದು; ಮೇಷ್ಟ್ರು ಪಾಠ ಹೇಳುತ್ತಿದ್ದ ಈ ಕೋಣೆಯೂ ಅವರದೇ. ಅಣ್ಣ ತನ್ನನ್ನು ಏಕವಚನದಲ್ಲಿ ಮಾತಾಡಿಸಿದನೆಂಬ ಸಿಟ್ಟಿಗೆ, ಹಿಂದಿನ ವಾರ ಇಂದ್ರೇಶ ಗೆಳೆಯರನ್ನು ಕೂಡಿಕೊಂಡು ಗಿರಣಿಯ ಗೇಟಿನಲ್ಲಿ ಅವನನ್ನು ಬಡಿದು ಕೆಡವಿದ್ದ. ನಾನು ನೋಡಿದ್ದೆ. ಕೇಳಿದವರಿಗೆಲ್ಲ ಸೈಕಲ್ಲಿನಿಂದ ಬಿದ್ದನೆಂದು ಹೇಳಬೇಕೆಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಗಿರಣಿಯ ಕೆಲಸ ಹೋದರೆ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ.

“ಯಾಕೆ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?” ಎಂದಳು ಪಕ್ಕದಲ್ಲಿದ್ದ ನನ್ನ ಗೆಳತಿ ಗುಲಾಬಿ. “ಬೇಗ ಹೇಳೇ, ಹೊಟ್ಟೆ ಹಸೀತಿದೆ.”

“ನಾಯಿಗಳು ಮೇಲೆ ಬಿದ್ವು ಅಂತ ಹೇಳ್ಬಿಡು,” ಎಂದ ಇಂದ್ರೇಶ ಮೆಲ್ಲಗೆ. “ನಿಮ್ಮನೆಯವರು ಕತೆ ಕಟ್ಟೋದ್ರಲ್ಲಿ ಜಾಣರಲ್ವಾ?”

ಪಾದಗಳು ಇನ್ನಷ್ಟು ಹತ್ತಿರ ಸರಿದವು. ಯಾರದೋ ಬಿಸಿಯುಸಿರು ಕುತ್ತಿಗೆಗೆ ತಾಗಿತು. ನಾಯಿಗಳ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಬಾಗಿಲವರೆಗೆ ದಾರಿ ಸಿಗುತ್ತಿತ್ತು. ಆಮೇಲೆ? ಬೀದಿಯಲ್ಲೂ, ನಮ್ಮ ಅಡುಗೆಮನೆಯಲ್ಲೂ ನಾನು ಹೀಗೆಯೇ ತಲೆ ತಗ್ಗಿಸಿ ನಿಂತಿರಬೇಕಾಗುತ್ತಿತ್ತು.

ತಲೆಯೆತ್ತಿದೆ. “ಮೈ ಬ್ರದರ್ ವಾಸ್ ಸೆಟ್ ಅಪಾನ್,” ಎಂದೆ, “ಬೈ ಇಂದ್ರೇಶ ಆ್ಯಂಡ್ ಹಿಸ್ ಫ್ರೆಂಡ್ಸ್.”

ನಗು ನಿಂತಿತು. ಯಾರೂ ದಾರಿ ಬಿಡಲಿಲ್ಲ.

“ತಪ್ಪು ಅಲ್ವಾ ಸಾರ್ ಅದು?” ಇಂದ್ರೇಶ ನನ್ನ ಮೇಲಿಂದ ಕಣ್ಣು ಕೀಳದೆ ಕೇಳಿದ. “ತಪ್ಪು ಅಂತ ಹೇಳಿ ಸಾರ್. ಈ ಕೋಣೆ ಏನು ಮಾಡೋದು ಅಂತ ಅಪ್ಪಾಜಿ ಬೇರೆ ಯೋಚಿಸ್ತಿದ್ದಾರೆ.”

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಮುಷ್ಟಿಯೊಳಗೆ ಬಿಗಿಹಿಡಿದರು.

“ಸರಿಯಾಗಿದೆ,” ಎಂದರು.

ಆಗಲೂ ಯಾರೂ ಕದಲಲಿಲ್ಲ. ಎಂದೂ ಆಟದೊಳಗೆ ಬಾರದ ಮೇಷ್ಟ್ರು ಇಬ್ಬರ ನಡುವೆ ಭುಜ ತೂರಿಸಿಕೊಂಡು ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಅವರ ಬೆನ್ನ ಹಿಂದೆ ಸುತ್ತು ಮತ್ತೆ ಮುಚ್ಚಿಕೊಂಡಿತು. ಅವರ ಮುಷ್ಟಿಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿ, ಸಣ್ಣಗೆ, ನನ್ನ ತೋಳಿನ ಮೇಲೆ ಉದುರುತ್ತಿತ್ತು.